ಕಾಟಾ ಕೋಣೆಯ ಕಂಪ್ಯೂಟರಿಗೆ ಹೊರಗಿನಿಂದ ಒಂದು ಕೈ

ಕಲಬುರಗಿಯಿಂದ ಹುಮನಾಬಾದ್ ರಸ್ತೆ ಹಿಡಿದು ಕಪನೂರ ಕೈಗಾರಿಕಾ ಪ್ರದೇಶಕ್ಕೆ ಹೊರಳಿದರೆ ಕಣ್ಣಿಗಿಂತ ಮೊದಲು ಮೂಗಿಗೆ ಊರು ಗೊತ್ತಾಗುತ್ತದೆ: ತೊಗರಿ ಹೊಟ್ಟಿನ ದೂಳು. ಜನವರಿಯಲ್ಲಂತೂ ಹೊಸ ತೊಗರಿ ಹೊತ್ತ ಲಾರಿಗಳು ಬೆಳಗಿನಿಂದಲೇ ಸಾಲು ನಿಂತಿರುತ್ತವೆ. ನಾನು ಹೋಗಬೇಕಿದ್ದ ದಾಲ್ ಮಿಲ್‌ನ ಕಾಟಾ ಕೋಣೆ, ಅಂದರೆ ಲಾರಿ ತೂಗುವ ಕೋಣೆ, ಎಂಟಡಿ ಅಗಲದ ಒಂದು ಗೂಡು. ಹೊರಗೆ ಲಾರಿ ನಿಲ್ಲುವ ಉಕ್ಕಿನ ಹಾಸು, ಒಳಗೆ ಕೆಂಪು ಅಂಕಿಗಳು ಮಿನುಗುವ ತೂಕದ ಯಂತ್ರ, ಅದಕ್ಕೆ ಸೀರಿಯಲ್ ತಂತಿಯಿಂದ ಜೋಡಿಸಿದ ವಿಂಡೋಸ್ 7ರ ಕಂಪ್ಯೂಟರ್, ಅದರ ಮುಂದೆ ಮುನೀಮರು.

ಮುನೀಮರನ್ನು ನಾನು ಕಾಕಾ ಎಂದೇ ಕರೆಯುವುದು. ಪ್ರತಿದಿನ ಸಂಜೆ ಅವರ ಕೆಲಸ ಹೀಗಿತ್ತು: ಕಾಟಾದ ತಂತ್ರಾಂಶದಲ್ಲಿ ಅಂದಿನ ಚೀಟಿಗಳನ್ನು ಒಂದೊಂದಾಗಿ ತೆರೆಯುವುದು, ಚೀಟಿ ಸಂಖ್ಯೆ, ಲಾರಿ ಸಂಖ್ಯೆ, ಊರು, ಮೂರು ತೂಕಗಳನ್ನು ನೋಡಿಕೊಂಡು ಪಕ್ಕದ ಲ್ಯಾಪ್‌ಟಾಪಿನ ಎಕ್ಸೆಲ್ ಹಾಳೆಗೆ ಬೆರಳಚ್ಚು ಮಾಡುವುದು. ಹಂಗಾಮಿನಲ್ಲಿ ನೂರಿಪ್ಪತ್ತು ಚೀಟಿ. ಒಂದೂವರೆ ಗಂಟೆ. ಊರಿನ ಹೆಸರು ಮೊದಲು ಯಾರಿಗೂ ಬೇಕಿರಲಿಲ್ಲ. 2019ರಲ್ಲಿ ಕಲಬುರಗಿ ತೊಗರಿ ಬೇಳೆಗೆ ಭೌಗೋಳಿಕ ಸೂಚ್ಯಂಕ ಸಿಕ್ಕ ಮೇಲೆ ಮಾಲು ಯಾವ ತಾಲ್ಲೂಕಿನಿಂದ ಬಂತು ಎಂಬುದನ್ನೂ ಬರೆದಿಡಬೇಕೆಂದು ಮಾಲೀಕರು ಹೇಳಿದರಂತೆ. ಅಲ್ಲಿಂದ ಕಾಕಾ ಅವರ ಸಂಜೆ ಇನ್ನಷ್ಟು ಉದ್ದವಾಯಿತು.

ನಾನು ಸೂಪರ್ ಮಾರ್ಕೆಟ್ ಕಡೆ ಕಂಪ್ಯೂಟರ್ ರಿಪೇರಿ ಅಂಗಡಿ ಇಟ್ಟುಕೊಂಡವನು. ಕಾಕಾ ಅವರ ಈ ನಕಲು ಕೆಲಸ ತಪ್ಪಿಸಲು ಮೊದಲು ಹೊಳೆದದ್ದು ಸಹಜವಾದ ದಾರಿಗಳೇ. ದತ್ತಾಂಶದ ಕಡತವನ್ನೇ ತೆರೆದು ಓದೋಣವೆಂದರೆ ಅದಕ್ಕೆ ಪಾಸ್‌ವರ್ಡ್ ಇದೆ, ಅದನ್ನು ಹಾಕಿದವರು ಅಂಗಡಿ ಮುಚ್ಚಿ ವರ್ಷಗಳಾಗಿವೆ. ತೂಕದ ಯಂತ್ರದ ಸೀರಿಯಲ್ ತಂತಿಗೆ ಕವಲು ಹಾಕಿದರೆ ತೂಕ ಸಿಗುತ್ತದೆ, ಲಾರಿಯ ಸಂಖ್ಯೆ ಮತ್ತು ಊರು ಸಿಗುವುದಿಲ್ಲ. ಕೀಲಿಮಣೆಯಿಂದ ಮುಂದಿನ ಚೀಟಿಗೆ ಹೋಗುವ ದಾರಿ ಆ ತಂತ್ರಾಂಶದಲ್ಲಿಲ್ಲ. ಮೇಲಿನ ಪಟ್ಟಿಯ ಗುಂಡಿಗಳು ಮೌಸ್‌ಗೆ ಮಾತ್ರ ಬಗ್ಗುತ್ತವೆ. ಇನ್ನು ಆ ಕಂಪ್ಯೂಟರಿನಲ್ಲಿ ಹೊಸದೇನನ್ನೂ ಹಾಕುವಂತಿಲ್ಲ ಎಂಬುದು ಮಾಲೀಕರ ಕಟ್ಟಪ್ಪಣೆ. ಅದು ಸರಿಯೂ ಹೌದು. ಮೈಕ್ರೋಸಾಫ್ಟ್ 2020ರ ಜನವರಿ 14ಕ್ಕೆ ಕೈಬಿಟ್ಟ ವಿಂಡೋಸ್ ಅದು, ಅಂತರ್ಜಾಲವಿಲ್ಲದೆ ನೆಮ್ಮದಿಯಾಗಿದೆ, ಅದನ್ನು ಕೆದಕಿ ಹಂಗಾಮಿನ ನಡುವೆ ಕಾಟಾ ನಿಂತರೆ ಲಾರಿ ಚಾಲಕರಿಗೆ ಉತ್ತರ ಹೇಳುವವರು ಯಾರು?

ಹಾಗಾಗಿ ಉಳಿದದ್ದು ಒಂದೇ: ಕಾಕಾ ಮಾಡುವುದನ್ನೇ ಮಾಡುವುದು. ಪರದೆಯನ್ನು ನೋಡು, ಮೌಸ್ ಆಡಿಸು, ಒತ್ತು, ಮತ್ತೆ ನೋಡು.

ಕಂಪ್ಯೂಟರನ್ನು ಹೀಗೆ ನೋಡಿ ಆಡಿಸುವ ಎಐ ಏಜೆಂಟ್‌ಗಳು ಈಗ ಹೊಸದಲ್ಲ. ಆಂತ್ರೊಪಿಕ್ ಸಂಸ್ಥೆ 2024ರ ಅಕ್ಟೋಬರ್ 22ರಂದು ಕ್ಲಾಡ್ ಎಂಬ ತನ್ನ ಎಐ ಮಾದರಿಗೆ ಈ ಸೌಲಭ್ಯವನ್ನು ಪ್ರಯೋಗಾರ್ಥ ಕೊಟ್ಟಿತು. 2025ರ ಜನವರಿಯಲ್ಲಿ ಓಪನ್‌ಎಐ ಆಪರೇಟರ್ ಎಂಬ ತನ್ನ ಏಜೆಂಟ್ ತಂದಿತು. ಒಳಗಿನ ವ್ಯವಹಾರ ಬಹಳ ಸರಳ. ಪರದೆಯ ಚಿತ್ರವನ್ನು ಮಾದರಿಗೆ ಕಳಿಸುತ್ತೇವೆ. ಅದು ‘ಇಲ್ಲಿ ಎಡಗುಂಡಿ ಒತ್ತು’ ಎಂದು ಎರಡು ಸಂಖ್ಯೆಗಳನ್ನು ಕೊಡುತ್ತದೆ, ಎಡಗಡೆಯಿಂದ ಎಷ್ಟು, ಮೇಲಿನಿಂದ ಎಷ್ಟು ಎಂದು. ಒತ್ತುವುದು ಅದರ ಕೆಲಸವಲ್ಲ, ನಮ್ಮದು. ಒತ್ತಿ, ಹೊಸ ಚಿತ್ರ ತೆಗೆದು, ಮತ್ತೆ ಕಳಿಸಬೇಕು. ಅಂದರೆ ಮಾದರಿಗೆ ಸ್ವಂತ ಕೈಯೂ ಇಲ್ಲ, ಕಣ್ಣೂ ಇಲ್ಲ. ಎರಡನ್ನೂ ಕಟ್ಟಿಕೊಡುವವರು ನಾವು.

ಅಂಗಡಿಯ ಲಿನಕ್ಸ್ ಲ್ಯಾಪ್‌ಟಾಪಿನಲ್ಲಿ ಮೊದಲ ಎರಡು ಸಂಜೆ ಆಟವಾಡಿದೆ. ಎಕ್ಸ್‌ವಿಎಫ್‌ಬಿ ಎಂಬುದರಿಂದ ಕಣ್ಣಿಗೆ ಕಾಣದ 1024×768ರ ಪರದೆಯೊಂದನ್ನು ಹುಟ್ಟಿಸಿ, ಎಕ್ಸ್‌ಡೂಟೂಲ್‌ನಿಂದ ಅದರಲ್ಲಿ ಕರ್ಸರ್ ಓಡಿಸಿದೆ. ವೇಲ್ಯಾಂಡ್ ಎಂಬ ಹೊಸ ಪರದೆ ವ್ಯವಸ್ಥೆ ಇರುವ ಕಡೆ ಎಕ್ಸ್‌ಡೂಟೂಲ್ ನೆಚ್ಚುವಂತಿಲ್ಲ, ವೈಡೂಟೂಲ್ ಬೇಕು; ಅದು ಕರ್ನಲ್‌ನ ಯುಇನ್‌ಪುಟ್ ಮೂಲಕ ತಾನೇ ಒಂದು ಮೌಸ್ ಎಂಬಂತೆ ನಟಿಸುತ್ತದೆ. ಪೈಥಾನಿನ ಪೈಆಟೋಗುಯಿಯನ್ನೂ ನೋಡಿದೆ. ಅದರಲ್ಲಿ ನನಗೆ ಹಿಡಿಸಿದ್ದು ಒಂದು ಸಣ್ಣ ಸಂಗತಿ: ಏನಾದರೂ ಹದ ತಪ್ಪಿದರೆ ಮೌಸ್ ಅನ್ನು ಪರದೆಯ ಮೂಲೆಗೆ ತಳ್ಳಿದರೆ ಸಾಕು, ಪ್ರೋಗ್ರಾಂ ತಾನೇ ನಿಲ್ಲುತ್ತದೆ. ಆ ಮೂಲೆಯ ನೆನಪು ಮುಂದೆ ಕೆಲಸಕ್ಕೆ ಬಂತು. ಆದರೆ ಇವೆಲ್ಲವೂ ಕಂಪ್ಯೂಟರಿನ ಒಳಗೇ ಕೂರಬೇಕಾದ ಕೈಗಳು. ನನಗೆ ಬೇಕಿದ್ದದ್ದು ಹೊರಗಿನ ಕೈ.

ಕೈ

ರಾಸ್ಪ್‌ಬೆರಿ ಪೈ ಪಿಕೋ ಎಂಬ ಪುಟ್ಟ ಸರ್ಕ್ಯೂಟ್ ಹಲಗೆ ಕೆಲವು ನೂರು ರೂಪಾಯಿಗೆ ಸಿಗುತ್ತದೆ. ಅದಕ್ಕೆ ಸರ್ಕ್ಯೂಟ್‌ಪೈಥಾನ್ ಎಂಬ ತಂತ್ರಾಂಶ ಹಾಕಿದರೆ ಯುಎಸ್‌ಬಿಯಲ್ಲಿ ಮೌಸ್ ಆಗಿ ವೇಷ ಹಾಕುತ್ತದೆ. ಹಳೆಯ ಕಂಪ್ಯೂಟರಿಗೆ ಚಾಲಕ ತಂತ್ರಾಂಶ ಬೇಡ, ಯಾರ ಅನುಮತಿಯೂ ಬೇಡ, ಇನ್ನೊಂದು ಮೌಸ್ ಚುಚ್ಚಿದಂತೆ. ತೊಂದರೆಯೆಂದರೆ ಹಾಗೆಯೇ ಚುಚ್ಚಿದರೆ ಅದು ಮೌಸ್ ಮಾತ್ರವಲ್ಲ, ಕೀಲಿಮಣೆ, ಒಂದು ಪುಟ್ಟ ಪೆನ್‌ಡ್ರೈವ್, ಒಂದು ಸೀರಿಯಲ್ ಪೋರ್ಟ್ ಎಲ್ಲವೂ ಆಗಿ ಕಾಣಿಸಿಕೊಳ್ಳುತ್ತದೆ. ವಿಂಡೋಸ್ 7 ಕೂಡಲೇ ಚಾಲಕ ಸಿಗಲಿಲ್ಲ ಎಂದು ಗುಳ್ಳೆ ಎಬ್ಬಿಸಿತು. ಆದ್ದರಿಂದ ಪಿಕೋ ಶುರುವಾಗುವಾಗ ಮೊದಲು ಓಡುವ ಬೂಟ್ ಕಡತದಲ್ಲಿ ಮೌಸ್ ಒಂದನ್ನು ಬಿಟ್ಟು ಉಳಿದೆಲ್ಲವನ್ನೂ ಮುಚ್ಚಿದೆ. ಕೀಲಿಮಣೆಯನ್ನು ಮುಚ್ಚಿದ್ದು ಬೇಕೆಂದೇ: ಈ ಕೈ ಒತ್ತಬಲ್ಲದು, ಬರೆಯಲಾರದು. ಚೀಟಿಗಳನ್ನು ಓದುವ ಕೆಲಸಕ್ಕೆ ಬರೆಯುವ ಕೈ ಏಕೆ?

ಮುಚ್ಚುವ ಭರದಲ್ಲಿ ನನ್ನನ್ನೇ ಹೊರಗಿಟ್ಟುಕೊಂಡೆ. ಪೆನ್‌ಡ್ರೈವ್ ಕಾಣದಿದ್ದರೆ ಕಡತ ತಿದ್ದುವುದು ಹೇಗೆ? ಪಿಕೋದಲ್ಲಿ ರೀಸೆಟ್ ಗುಂಡಿಯೇ ಇಲ್ಲ. ರನ್ ಎಂಬ ಪಿನ್ನನ್ನು ಗ್ರೌಂಡ್‌ಗೆ ತಾಕಿಸಿ, ದೀಪ ಮಿಟುಕುವ ಒಂದು ಕ್ಷಣದಲ್ಲಿ ಮತ್ತೊಮ್ಮೆ ತಾಕಿಸಿದರೆ ಸೇಫ್ ಮೋಡ್‌ಗೆ ಹೋಗುತ್ತದೆ, ಅಲ್ಲಿ ಬೂಟ್ ಕಡತ ಓಡುವುದಿಲ್ಲ. ತಂತಿಯ ತುಂಡು ಹಿಡಿದು ಆ ತಾಳಕ್ಕೆ ಕೈ ಕೂಡಿಸಲು ಅರ್ಧ ಗಂಟೆ ಹೋಯಿತು. ಆಮೇಲೆ ಬುದ್ಧಿ ಬಂದು, ಒಂದು ಪಿನ್ನನ್ನು ಗ್ರೌಂಡ್‌ಗೆ ಹಿಡಿದು ಚುಚ್ಚಿದರೆ ಮಾತ್ರ ಪೆನ್‌ಡ್ರೈವ್ ತೆರೆಯುವಂತೆ ಬರೆದೆ. ಇದನ್ನು ಮಾಡುವವರು ಆ ಹಿಂಬಾಗಿಲನ್ನು ಮೊದಲೇ ಇಟ್ಟುಕೊಳ್ಳಿ.

ಪಿಕೋದ ಯುಎಸ್‌ಬಿ ಹಳೆಯ ಕಂಪ್ಯೂಟರಿಗೆ ಹೋದ ಮೇಲೆ ನನ್ನ ಲ್ಯಾಪ್‌ಟಾಪ್ ಅದರೊಂದಿಗೆ ಮಾತಾಡಲು ಬೇರೆ ದಾರಿ ಬೇಕು. ಯುಎಸ್‌ಬಿಯಿಂದ ಸೀರಿಯಲ್‌ಗೆ ಬದಲಿಸುವ ಪುಟ್ಟ ಹಲಗೆ, ಅದರ ಕಳಿಸುವ ಕಾಲು ಪಿಕೋದ ಪಡೆಯುವ ಕಾಲಿಗೆ, ಪಡೆಯುವುದು ಕಳಿಸುವುದಕ್ಕೆ, ಗ್ರೌಂಡ್ ಗ್ರೌಂಡ್‌ಗೆ. ಹಲಗೆಯ ಮೇಲಿನ ಜಂಪರ್ 3.3 ವೋಲ್ಟ್‌ನಲ್ಲಿದೆಯೇ ಎಂದು ಮೀಟರ್ ಹಿಡಿದು ನೋಡಿ. ಪಿಕೋದ ಕಾಲುಗಳು 5 ವೋಲ್ಟ್ ತಾಳುವುದಿಲ್ಲ. ಎಲ್ಲವನ್ನೂ ಒಂದು ಸೋಪಿನ ಡಬ್ಬಿಯಲ್ಲಿಟ್ಟೆ. ಡಗ್ಲಾಸ್ ಎಂಗೆಲ್ಬಾರ್ಟ್ 1968ರಲ್ಲಿ ಜಗತ್ತಿಗೆ ಮೌಸ್ ತೋರಿಸಿದ್ದು ಗೊತ್ತಲ್ಲ, ಅವರ ಮೊದಲ ಮೌಸ್ ಮರದ ಡಬ್ಬಿಯಲ್ಲಿತ್ತು. ನನ್ನದು ಸೋಪಿನ ಡಬ್ಬಿಯಲ್ಲಿದ್ದರೆ ಮಾನ ಹೋಗುವುದಿಲ್ಲ.

ಈಗ ಆಡಿಸಿದೆ. ‘ಬಲಕ್ಕೆ 400’ ಎಂದರೆ ಕರ್ಸರ್ ಆರುನೂರು ದಾಟಿ ಹೋಗಿ ನಿಂತಿತು. ಮತ್ತೊಮ್ಮೆ ಹೇಳಿದರೆ ಇನ್ನೊಂದು ಕಡೆ. ಸಾಮಾನ್ಯ ಮೌಸ್ ‘ನಾನು ಇಲ್ಲಿದ್ದೇನೆ’ ಎನ್ನುವುದಿಲ್ಲ, ‘ಇಷ್ಟು ಸರಿದೆ’ ಎನ್ನುತ್ತದೆ, ಅದೂ ಒಂದು ಸಲಕ್ಕೆ 127ರೊಳಗೆ. ಬೇಗ ಸರಿದರೆ ವಿಂಡೋಸ್ ಅದನ್ನು ಹಿಗ್ಗಿಸುತ್ತದೆ. ಮನುಷ್ಯನ ಕೈಗೆ ಅದು ಅನುಕೂಲ, ಲೆಕ್ಕ ಹಾಕುವ ಕೈಗೆ ವಿಷ. ಕಂಟ್ರೋಲ್ ಪ್ಯಾನಲ್‌ಗೆ ಹೋಗಿ ಆ ಹಿಗ್ಗುವಿಕೆಯ ಗುರುತನ್ನು ತೆಗೆದೆ. ಸಂಖ್ಯೆ ಸರಿಹೋಯಿತು. ಮರುದಿನ ಬೆಳಿಗ್ಗೆ ಕಾಕಾ ಫೋನ್ ಮಾಡಿದರು.

“ತಮ್ಮಾ, ಮೌಸ್‌ಗೆ ಏನು ಮಾಡಿದೆ? ಎತ್ತಿನಗಾಡಿ ಎಳೆದಂತೆ ಆಗುತ್ತಿದೆ.”

ಗುರುತನ್ನು ಮೊದಲಿನಂತೆ ಇಟ್ಟು ಬೇರೆ ದಾರಿ ಹುಡುಕಿದೆ. ಮೌಸ್ ತನ್ನ ಪರಿಚಯವನ್ನು ಕಂಪ್ಯೂಟರಿಗೆ ಹೇಳಿಕೊಳ್ಳುವ ಬೈಟ್‌ಗಳ ಸಾಲಿನಲ್ಲಿ ‘81 06’ ಎಂಬ ಜೋಡಿ ಇರುತ್ತದೆ, ಸರಿದ ದೂರ ಹೇಳುತ್ತೇನೆ ಎಂದು ಅರ್ಥ. ಅದನ್ನು ‘81 02’ ಮಾಡಿದರೆ ಇರುವ ಜಾಗ ಹೇಳುತ್ತೇನೆ ಎಂದಾಗುತ್ತದೆ. ಜೊತೆಗೆ ವ್ಯಾಪ್ತಿಯನ್ನು 0ಯಿಂದ 32767 ಎಂದು ಬರೆದು, ಅಡ್ಡ ಉದ್ದಗಳಿಗೆ ಹದಿನಾರು ಬಿಟ್ ಕೊಟ್ಟೆ. ಈಗ ಪರದೆಯ ನಡುವಿನ 512ನೇ ಪಿಕ್ಸೆಲ್ ಬೇಕೆಂದರೆ ಸುಮಾರು 16,400 ಕಳಿಸಬೇಕು, ಕರ್ಸರ್ ಎಲ್ಲಿದ್ದರೂ ಸರಿ, ನೇರ ಅಲ್ಲಿಗೇ ಹಾರುತ್ತದೆ. ಈ ಇಡೀ ಕಟ್ಟೋಣದಲ್ಲಿ ನನಗೆ ಅತಿ ಹೆಚ್ಚು ಖುಷಿ ಕೊಟ್ಟ ತಿದ್ದುಪಡಿ ಇದೇ. ಕಾಕಾ ಅವರ ಮೌಸ್ ಅವರದು, ನನ್ನದು ನನ್ನದು, ಒಂದೇ ಕಂಪ್ಯೂಟರಿನಲ್ಲಿ ಜಗಳವಿಲ್ಲ.

ಕಣ್ಣು

ಹಳೆಯ ಕಂಪ್ಯೂಟರಿನಲ್ಲಿ ಮಾನಿಟರಿಗೆ ಚಿತ್ರ ಕಳಿಸಲು ಇರುವುದು ಹಳೆಯ ಬಗೆಯ ವಿಜಿಎ ಸಂಪರ್ಕ ಮಾತ್ರ. ಅದನ್ನು ಎರಡಾಗಿ ಸೀಳಿ ಒಂದನ್ನು ಕಾಕಾ ಅವರ ಮಾನಿಟರಿಗೆ, ಇನ್ನೊಂದನ್ನು ಎಚ್‌ಡಿಎಂಐಗೆ ಬದಲಿಸುವ ಡಬ್ಬಿಗೆ, ಅಲ್ಲಿಂದ ಆ ಚಿತ್ರವನ್ನು ಹಿಡಿದುಕೊಡುವ ಯುಎಸ್‌ಬಿ ಕ್ಯಾಪ್ಚರ್ ಕಡ್ಡಿಗೆ, ಅಲ್ಲಿಂದ ಲ್ಯಾಪ್‌ಟಾಪಿಗೆ ಕೊಟ್ಟೆ. ಕಡ್ಡಿ ಕೊಡುವುದು 1920×1080ರ ಚಿತ್ರ. ಕಾಟಾದ ಪರದೆ 1024×768, ಅಂದರೆ ಚೌಕದ ಹತ್ತಿರದ ಆಕಾರ. ಹಾಗಾಗಿ ನಡುವೆ 1440×1080ರಷ್ಟು ಚಿತ್ರ, ಎರಡೂ ಪಕ್ಕದಲ್ಲಿ 240 ಪಿಕ್ಸೆಲ್ ಕಪ್ಪು. ಆ ಕಪ್ಪನ್ನು ಕತ್ತರಿಸಿ, ಉಳಿದದ್ದನ್ನು 1024×768ಕ್ಕೆ ಕುಗ್ಗಿಸಿದರೆ ಚಿತ್ರದ ಪಿಕ್ಸೆಲ್ ಕಂಪ್ಯೂಟರಿನ ಪಿಕ್ಸೆಲ್ ಒಂದೇ ಆಗುತ್ತದೆ.

ಇಲ್ಲೊಂದು ತಮಾಷೆ. ಕ್ಲಾಡ್‌ನ ಕೈಪಿಡಿ ಆರಂಭದಲ್ಲಿ ಸೂಚಿಸಿದ್ದೂ 1024×768ರ ಆಸುಪಾಸಿನ ಅಳತೆಯನ್ನೇ. ದೊಡ್ಡ ಚಿತ್ರ ಕಳಿಸಿದರೆ ಅದು ಒಳಗೆ ಕುಗ್ಗುತ್ತದೆ, ಮಾದರಿ ಕೊಡುವ ಸಂಖ್ಯೆಗಳು ಕುಗ್ಗಿದ ಚಿತ್ರದವಾಗಿರುತ್ತವೆ, ನಾವು ಅವನ್ನು ಹಿಗ್ಗಿಸಲು ಮರೆತರೆ ಪ್ರತಿ ಒತ್ತೂ ಗುರಿಯ ಎಡಕ್ಕೆ, ಮೇಲಕ್ಕೆ ಬೀಳುತ್ತದೆ. ಹೊಸ ಲ್ಯಾಪ್‌ಟಾಪುಗಳಲ್ಲಿ ವಿಂಡೋಸ್‌ನ 125 ಶೇಕಡಾ ಹಿಗ್ಗಿಸುವಿಕೆ ಬೇರೆ ಸೇರಿಕೊಂಡು ಲೆಕ್ಕ ಇನ್ನೂ ಕಲಸಿಹೋಗುತ್ತದೆ. ಗುಜರಿಗೆ ಹಾಕಬೇಕು ಎಂದು ಎಲ್ಲರೂ ಬೈಯುವ ಮಾನಿಟರ್ ನನ್ನನ್ನು ಆ ಗೋಳಿನಿಂದ ಪಾರು ಮಾಡಿತು.

ಮೊದಲ ಓದಿನಲ್ಲಿ ಅಂಕಿಗಳು ಕೈಕೊಟ್ಟವು. 3 ಇದ್ದಲ್ಲಿ 8, 6 ಇದ್ದಲ್ಲಿ 8. ಮಾದರಿಯನ್ನು ಬೈಯುವ ಮೊದಲು ಚಿತ್ರವನ್ನು ಹಿಗ್ಗಿಸಿ ನೋಡಿದರೆ ನನಗೂ ಅದು 8ರಂತೆಯೇ ಕಂಡಿತು! ಕಡ್ಡಿ ಚಿತ್ರಗಳನ್ನು ಜೆಪೆಗ್ ಆಗಿ ಹಿಂಡಿ ಕಳಿಸುತ್ತಿತ್ತು. ಅದೇ ಕಡ್ಡಿಗೆ ಹಿಂಡದೆ ಕಳಿಸುವ ಇನ್ನೊಂದು ಕ್ರಮವೂ ಇದೆ. ಆಗ ಸೆಕೆಂಡಿಗೆ ಐದೇ ಚಿತ್ರ, ಸಿನಿಮಾ ನೋಡುವವರಿಗೆ ಸಾಲದು, ಚೀಟಿ ನೋಡುವವರಿಗೆ ಧಾರಾಳ. ಬದಲಿಸಿದ ಮೇಲೆ ಅಂಕಿಗಳ ಅಂಚು ಚೂಪಾಯಿತು.

ಆದರೂ ಕಣ್ಣನ್ನು ಪೂರ್ತಿ ನಂಬಲಿಲ್ಲ. ಕಾಟಾ ಚೀಟಿಯಲ್ಲೇ ಒಂದು ತಾಳೆ ಇದೆ: ತುಂಬಿದ ಲಾರಿಯ ತೂಕದಿಂದ ಖಾಲಿ ಲಾರಿಯ ತೂಕ ಕಳೆದರೆ ಮಾಲಿನ ತೂಕ ಬರಬೇಕು. 18,340ರಲ್ಲಿ 6,780 ಹೋದರೆ 11,560. ಮೊದಲಿನದನ್ನು 18,840 ಎಂದು ಓದಿದ್ದರೆ ಕೂಡಲೇ ಸಿಕ್ಕಿಬೀಳುತ್ತದೆ. ತಾಳೆಯಾಗದ ಚೀಟಿಯನ್ನು ಪ್ರೋಗ್ರಾಂ ಹಳದಿ ಬಣ್ಣದಲ್ಲಿ ಕಾಕಾ ಅವರಿಗೆ ಬಿಡುತ್ತದೆ. ಲಾರಿಯ ಸಂಖ್ಯೆಗೆ ಇಂಥ ತಾಳೆ ಇಲ್ಲ. ಕೆಎ 32 ನಮ್ಮದು, 33 ಯಾದಗಿರಿ, 38 ಬೀದರ್ ಎಂಬಷ್ಟನ್ನು ನೋಡಬಹುದು, ಉಳಿದ ಅಂಕಿಗಳಿಗೆ ಎರಡು ಸಲ ಓದಿಸಿ ಹೋಲಿಸುತ್ತೇನೆ.

ಊರಿನ ಹೆಸರುಗಳ ವಿಷಯದಲ್ಲಿ ಕಣ್ಣಿನ ದಾರಿಯೇ ಗೆದ್ದಿತು. ಆ ಕಾಲದ ತಂತ್ರಾಂಶ ಕನ್ನಡವನ್ನು ಯೂನಿಕೋಡ್‌ನಲ್ಲಿ ಇಟ್ಟಿಲ್ಲ, ನುಡಿಯ ಹಳೆಯ ಅಕ್ಷರವಿನ್ಯಾಸದಲ್ಲಿ ಇಟ್ಟಿದೆ. ಒಳಗಿನಿಂದ ಪಠ್ಯವನ್ನು ಕದ್ದು ತಂದರೆ ಸಿಗುವುದು ಕನ್ನಡವಲ್ಲ, ತಲೆಯ ಮೇಲೆ ಚುಕ್ಕಿ ಗೆರೆ ಹೊತ್ತ ರೋಮನ್ ಅಕ್ಷರಗಳ ರಾಶಿ. ಕಣ್ಣಿಗೆ ಮಾತ್ರ ಅದು ಅಚ್ಚುಕಟ್ಟಾದ ‘ಜೇವರ್ಗಿ’, ‘ಆಳಂದ’, ‘ಚಿತ್ತಾಪುರ’. ಒತ್ತಕ್ಷರಗಳು ಸಣ್ಣದಾಗಿದ್ದಲ್ಲಿ ಮಾದರಿ ಎಡವುತ್ತದೆ, ‘ಮ’ ಮತ್ತು ‘ವು’ ಅದಕ್ಕೆ ಇವತ್ತಿಗೂ ಅಣ್ಣತಮ್ಮಂದಿರೇ. ಕಾಕಾ ತಮ್ಮ ಹಳೆಯ ವಹಿಯಿಂದ ಊರುಗಳ ಪಟ್ಟಿ ಮಾಡಿಕೊಟ್ಟರು. ಓದಿದ್ದು ಪಟ್ಟಿಯಲ್ಲಿಲ್ಲದಿದ್ದರೆ ಹಳದಿ.

ಅಳಿದ ಚೀಟಿ

ಮೊದಲ ಪೂರ್ತಿ ಓಟ ಒಂದು ಗುರುವಾರ ಸಂಜೆ. ಲಾರಿಗಳು ಮುಗಿದಿದ್ದವು, ಕಾಕಾ ಚಹಾ ತರಿಸಿದ್ದರು, ಮಿರ್ಚಿ ಭಜಿಯೂ ಇತ್ತು. ಕರ್ಸರ್ ತಾನೇ ಹೋಗಿ ‘ಮುಂದಿನ’ ಗುಂಡಿ ಒತ್ತುವುದನ್ನು ನೋಡಲು ಇಬ್ಬರು ಹಮಾಲರು ಬಾಗಿಲಿಗೆ ಬಂದು ನಿಂತರು. ಇಪ್ಪತ್ತು ಚೀಟಿ ಚೆನ್ನಾಗಿ ಓಡಿತು. ಆಮೇಲೆ ಕರೆಂಟು ಹೋಯಿತು. ಯುಪಿಎಸ್ ಇದ್ದುದರಿಂದ ಕಂಪ್ಯೂಟರ್ ಕದಲಲಿಲ್ಲ, ಅರ್ಧ ನಿಮಿಷದಲ್ಲಿ ಮಿಲ್‌ನ ಜನರೇಟರ್ ಶುರುವಾಯಿತು, ಓಟ ಮುಂದುವರಿಯಿತು. ನಾನು ಭಜಿಗೆ ಕೈ ಹಾಕಿದೆ.

ಪರದೆಯಲ್ಲಿ ಒಂದು ಚೌಕ ಮೂಡಿತು: ಅಳಿಸಬೇಕೇ, ಹೌದು, ಇಲ್ಲ. ನಾನು ಬಾಯಿ ತೆರೆಯುವ ಮೊದಲೇ ಕರ್ಸರ್ ‘ಹೌದು’ ಒತ್ತಿತು. ದಿನಚರಿ ಕಡತದಲ್ಲಿ ಮಾದರಿ ಬರೆದ ಸಮಜಾಯಿಷಿಯ ತಾತ್ಪರ್ಯ ಇಷ್ಟೇ: ಮುಂದೆ ಹೋಗಲು ಒಂದು ಸಂವಾದ ಚೌಕ ಅಡ್ಡ ಬಂದಿದೆ, ಒಪ್ಪಿಗೆ ಕೊಟ್ಟು ಮುಂದುವರಿಯುತ್ತೇನೆ. ಎಷ್ಟು ವಿನಯ!

ಕಾಕಾ ಏನೂ ಬೈಯಲಿಲ್ಲ. ಎದ್ದು ಹೋಗಿ ಚೀಟಿಯ ಕಾರ್ಬನ್ ಪ್ರತಿ ತಂದು ಮೇಜಿನ ಮೇಲಿಟ್ಟು, “ವಹಿಯ ಹಾಳೆ ಹರಿದ ಹಾಗೆ ಆಯಿತು ತಮ್ಮಾ, ನಾಳೆ ಸಾಹುಕಾರರಿಗೆ ಈ ಸಂಖ್ಯೆ ಎಲ್ಲಿ ಎಂದು ಏನು ಹೇಳಲಿ?” ಎಂದರು. ಬೈದಿದ್ದರೆ ಚೆನ್ನಾಗಿತ್ತು.

ಕಾರಣ ಹುಡುಕಲು ಆ ರಾತ್ರಿಯೆಲ್ಲ ಬೇಕಾಯಿತು. ‘ಅಳಿಸು’ ಗುಂಡಿ ‘ಮುಂದಿನ’ ಗುಂಡಿಯ ಎಡಕ್ಕೇ ಅಂಟಿಕೊಂಡಿದೆ, ಒಂದೊಂದೂ 24 ಪಿಕ್ಸೆಲ್ ಅಗಲ. ಮಾದರಿ ಗುಂಡಿಯ ನಟ್ಟನಡುವನ್ನೇ ಹೇಳಿತ್ತು. ಅದರ ಚಿತ್ರದಲ್ಲಿ ಅದು ನಟ್ಟನಡುವೇ. ಚಿತ್ರವೇ 14 ಪಿಕ್ಸೆಲ್ ಎಡಕ್ಕೆ ಸರಿದಿತ್ತು. ವಿಜಿಎಯನ್ನು ಬದಲಿಸುವ ಡಬ್ಬಿಗೆ ವಿದ್ಯುತ್ತನ್ನು ನಾನು ಮೊಬೈಲ್ ಚಾರ್ಜರಿನಿಂದ ಕೊಟ್ಟಿದ್ದೆ, ಆ ಚಾರ್ಜರ್ ಯುಪಿಎಸ್‌ನಲ್ಲಿರಲಿಲ್ಲ. ಕರೆಂಟು ಹೋಗಿ ಬಂದಾಗ ಡಬ್ಬಿ ಮರುಹುಟ್ಟು ಪಡೆದು ಚಿತ್ರದ ಅಂಚು ಎಲ್ಲಿ ಎಂದು ಮತ್ತೆ ಅಳೆಯಿತು. ವಿಜಿಎ ಅನಲಾಗ್ ಸಂಕೇತ, ಅಂಚನ್ನು ಯಾರೂ ಹೇಳಿಕೊಡುವುದಿಲ್ಲ, ಬೆಳಕು ಎಲ್ಲಿ ಶುರುವಾಯಿತೋ ಅದೇ ಅಂಚು ಎಂದು ಊಹಿಸಬೇಕು. ಆ ತಂತ್ರಾಂಶದ ಎಡ ಅಂಚಿನಲ್ಲಿ ತೆಳುವಾದ ಕಪ್ಪು ಪಟ್ಟಿ ಇದೆ. ಡಬ್ಬಿ ಅದನ್ನು ಚಿತ್ರದಿಂದ ಹೊರಗೆ ಎಂದುಕೊಂಡಿತು. ಹಿಂದೆ ಸರಿಯಾಗಿ ಅಳೆದದ್ದು ವಿಂಡೋಸ್‌ನ ನೀಲಿ ಹಿನ್ನೆಲೆ ಇದ್ದಾಗ.

ಚಾರ್ಜರನ್ನು ಯುಪಿಎಸ್‌ಗೆ ಬದಲಿಸಿದ್ದು ಐದು ನಿಮಿಷದ ಕೆಲಸ. ಆದರೆ ತಂತಿ ಎಂದಾದರೂ ಅಲುಗಿದರೆ ಮತ್ತೆ ಅದೇ ಕಥೆ. ಹಾಗಾಗಿ ಕೈಯನ್ನು ಕಣ್ಣಿನ ಮುಂದೆ ಹಿಡಿದು ನೋಡುವ ಅಭ್ಯಾಸ ಹಚ್ಚಿದೆ. ಪ್ರತಿ ಹತ್ತು ಚೀಟಿಗೊಮ್ಮೆ ಪಿಕೋ ಕರ್ಸರನ್ನು ಗೊತ್ತಿರುವ ನಾಲ್ಕು ಜಾಗಗಳಿಗೆ ಹಾರಿಸುತ್ತದೆ. ಪ್ರತಿ ಸಲ ಮುಂಚಿನ ಚಿತ್ರ, ನಂತರದ ಚಿತ್ರ ಎರಡನ್ನೂ ಕಳೆದರೆ ಉಳಿಯುವುದು ಕರ್ಸರಿನ ಬಾಣವಷ್ಟೇ. ಹೇಳಿದ ಜಾಗಕ್ಕೂ ಕಂಡ ಜಾಗಕ್ಕೂ 3 ಪಿಕ್ಸೆಲ್‌ಗಿಂತ ಹೆಚ್ಚು ಅಂತರವಿದ್ದರೆ ಓಟ ನಿಲ್ಲುತ್ತದೆ. ಒಳಗಿನಿಂದ ತೆಗೆದ ಸ್ಕ್ರೀನ್‌ಶಾಟ್‌ಗಳಲ್ಲಿ ಅನೇಕ ಸಲ ಕರ್ಸರೇ ಇರುವುದಿಲ್ಲ; ಹೊರಗಿನ ಕಣ್ಣಿಗೆ ಆ ಕುರುಡಿಲ್ಲ.

ಎರಡನೆಯದು ಬೇಲಿ. ಮಾದರಿಗೆ ‘ಅಳಿಸಬೇಡ’ ಎಂದು ಸೂಚನೆಯಲ್ಲಿ ಬರೆಯುವುದು ಇದ್ದೇ ಇದೆ, ಅದು ಬುದ್ಧಿಮಾತು. ಬೇಲಿಯನ್ನು ಪಿಕೋದೊಳಗೇ ಹಾಕಿದೆ: ‘ಅಳಿಸು’ ಗುಂಡಿ ಇರುವ ಆಯತದಲ್ಲಿ ಮತ್ತು ಸಂವಾದ ಚೌಕ ಮೂಡುವ ನಡುಭಾಗದಲ್ಲಿ ಒತ್ತು ಎಂದು ಯಾರೇ ಹೇಳಿದರೂ ಪಿಕೋ ಒತ್ತುವುದಿಲ್ಲ, ‘ಒಲ್ಲೆ’ ಎಂದು ಸೀರಿಯಲ್‌ನಲ್ಲಿ ಉತ್ತರಿಸುತ್ತದೆ. ಪಿಕೋ ಕಳಿಸುವುದು ಕಂಪ್ಯೂಟರಿನ ನಿಜವಾದ ಜಾಗ, ಆದ್ದರಿಂದ ಚಿತ್ರ ಸರಿದರೂ ಬೇಲಿ ಸರಿಯುವುದಿಲ್ಲ.

ಮೂರನೆಯದನ್ನು ಕಾಕಾ ಕೇಳಿದರು: “ನನಗೆ ಬೇಡ ಎನಿಸಿದರೆ ಇದನ್ನು ನಿಲ್ಲಿಸುವುದು ಹೇಗೆ?” ಮೌಸ್ ಮೂಲೆಗೆ ತಳ್ಳುವ ಆ ಉಪಾಯ ನೆನಪಾಯಿತು, ಆದರೆ ಅವರಿಗೆ ಅದಕ್ಕಿಂತ ಗಟ್ಟಿಯಾದದ್ದು ಬೇಕಿತ್ತು. ಮನೆಯ ಗೋಡೆಗೆ ಹಾಕುವ ದೀಪದ ಸ್ವಿಚ್ ತಂದು ಪಿಕೋದ ಒಂದು ಪಿನ್ನು ಮತ್ತು ಗ್ರೌಂಡ್ ನಡುವೆ ಜೋಡಿಸಿದೆ. ಪಿನ್ನನ್ನು ಒಳಗಿನಿಂದ ಮೇಲಕ್ಕೆ ಎಳೆದು ಕಟ್ಟಿದ್ದೇನೆ. ಸ್ವಿಚ್ ಹಾಕಿದರೆ ಕೆಳಗಿಳಿದು ಕೈ ಆಡುತ್ತದೆ, ತೆಗೆದರೆ ನಿಲ್ಲುತ್ತದೆ, ತಂತಿ ಹರಿದರೂ ನಿಲ್ಲುತ್ತದೆ. ಉಲ್ಟಾ ಜೋಡಿಸಿದರೆ ಹರಿದ ತಂತಿ ‘ಓಡು’ ಎಂದು ಹೇಳೀತು, ಎಚ್ಚರ.

ಬೇಲಿ ಕೆಲಸಕ್ಕೆ ಬಂದದ್ದು ನಾಲ್ಕೇ ದಿನಕ್ಕೆ, ಮತ್ತು ನಾನು ಎಣಿಸದ ಕಡೆಯಿಂದ. ಪಿಕೋ ‘ಒಲ್ಲೆ’ ಎಂದು ಎರಡು ಸಲ ಹೇಳಿ ಓಟ ನಿಂತಿತ್ತು. ಚಿತ್ರ ಸರಿದಿರಲಿಲ್ಲ, ಅಳತೆ ಕರಾರುವಾಕ್ಕಾಗಿತ್ತು. ಮಾದರಿ ಬೇಕೆಂದೇ ‘ಅಳಿಸು’ ಕಡೆಗೆ ಹೋಗಿತ್ತು. ಆ ಚೀಟಿಯ ಷರಾ ಕಾಲಂ ನೋಡಿದರೆ ಕಾಕಾ ತಮಗೆ ತಾವೇ ಬರೆದುಕೊಂಡಿದ್ದರು: ‘ಈ ಚೀಟಿ ರದ್ದು ಮಾಡಬೇಕು.’ ಲಾರಿ ಎರಡು ಸಲ ತೂಗಿದ್ದರಂತೆ, ಸಾಹುಕಾರರನ್ನು ಕೇಳಿ ಆಮೇಲೆ ನೋಡೋಣ ಎಂದು ಬರೆದಿಟ್ಟದ್ದು. ಮಾದರಿಗೆ ನಾನು ಹೇಳಿದ್ದೂ ಅಕ್ಷರ, ಪರದೆಯ ಮೇಲೆ ಕಂಡದ್ದೂ ಅಕ್ಷರ. ಯಾರ ಮಾತು ಅಪ್ಪಣೆ, ಯಾರದು ಬರಿಯ ಬರಹ ಎಂದು ಅದು ಪ್ರತಿ ಸಲ ಬೇರ್ಪಡಿಸಲಾರದು. ಅಂತರ್ಜಾಲದಲ್ಲಿ ಓಡಾಡುವ ಏಜೆಂಟ್‌ಗಳಿಗೆ ದುರುಳರು ಹೀಗೇ ಪುಟಗಳಲ್ಲಿ ಮಾತು ಅಡಗಿಸಿಟ್ಟು ಮೋಸ ಮಾಡುತ್ತಾರೆ. ನಮ್ಮಲ್ಲಿ ಮಾಡಿದವರು ಜೋಳದ ರೊಟ್ಟಿ, ಶೇಂಗಾ ಹಿಂಡಿ ಕಟ್ಟಿಕೊಂಡು ಬರುವ ಬಡಪಾಯಿ ಮುನೀಮರು.

ಷರಾ ಕಾಲಮಿನ ಮೇಲೆ ಅಂದೇ ಕಪ್ಪು ಬಳಿದೆ. ಬಳಿಯುವುದು ಲ್ಯಾಪ್‌ಟಾಪಿನಲ್ಲಿ, ಚಿತ್ರ ಹೊರಗೆ ಹೋಗುವ ಮೊದಲು. ರೈತರ ಹೆಸರು, ಮೊಬೈಲ್ ಸಂಖ್ಯೆಗಳ ಮೇಲೆ ಮೊದಲ ದಿನದಿಂದಲೇ ಬಳಿದಿದ್ದೆ. ಯಾರದೋ ಹೊಲದ ಲೆಕ್ಕ ಎಲ್ಲೋ ದೂರದ ಯಂತ್ರಕ್ಕೆ ಹೋಗುವುದಕ್ಕೆ ಮಾಲೀಕರು ಒಪ್ಪಿದರೂ ನಾನು ಒಪ್ಪುತ್ತಿರಲಿಲ್ಲ. ಹೆಸರುಗಳನ್ನು ಕಾಕಾ ಈಗಲೂ ಕೈಯಿಂದಲೇ ತುಂಬುತ್ತಾರೆ.

ಈಗ ಇರುವ ಸ್ಥಿತಿ

ಹೇಳಲು ಸ್ವಲ್ಪ ಮುಜುಗರ, ಆದರೂ ಹೇಳಬೇಕು: ‘ಮುಂದಿನ’ ಗುಂಡಿ ಒತ್ತುವ ಕೆಲಸವನ್ನು ಮಾದರಿಯಿಂದ ಕಿತ್ತುಕೊಂಡಿದ್ದೇನೆ. ಗುಂಡಿ ಎಂದೂ ಕದಲುವುದಿಲ್ಲ, ಅದನ್ನು ಹುಡುಕಲು ಪ್ರತಿ ಸಲ ಎಐ ಏಕೆ? ಕೊಟ್ಟ ಸಂಖ್ಯೆಗೆ ಹೋಗಿ ಒತ್ತುವ ನಾಲ್ಕು ಸಾಲಿನ ಮೊಂಡು ಪ್ರೋಗ್ರಾಂ ಸಾಕು. ಚೀಟಿ ಸಂಖ್ಯೆಯ ಜಾಗದ ಚಿತ್ರ ಬದಲಾಗುವವರೆಗೆ ಕಾದು ಮುಂದೆ ಹೋಗುತ್ತದೆ; ಹಿಂದೆ ಮಾದರಿ ಹಳೆಯ ಚೀಟಿಯನ್ನೇ ಎರಡು ಸಲ ಓದಿದ್ದು ಈ ಕಾಯುವಿಕೆ ಇಲ್ಲದ್ದಕ್ಕೆ. ಮಾದರಿಗೆ ಉಳಿದದ್ದು ಓದುವ ಕೆಲಸ, ಮತ್ತು ಪರದೆ ಎಂದಿನಂತೆ ಕಾಣದಿದ್ದಾಗ ‘ಇದೇನು?’ ಎಂದು ಹೇಳುವ ಕೆಲಸ. ಪ್ರಿಂಟರ್‌ನಲ್ಲಿ ಹಾಳೆ ಮುಗಿದ ಎಚ್ಚರಿಕೆ ಅಡ್ಡ ಬಂದರೆ ಅದು ಗುರುತಿಸಿ ನಿಲ್ಲಿಸುತ್ತದೆ, ಒತ್ತುವುದಿಲ್ಲ. ಮೊಂಡು ಪ್ರೋಗ್ರಾಂ ಆಗಿದ್ದರೆ ಅದರ ಮೇಲೆಯೇ ಕುಟ್ಟುತ್ತ ಕೂರುತ್ತಿತ್ತು.

ಖರ್ಚೂ ಇಳಿಯಿತು. ಆಂತ್ರೊಪಿಕ್ ಕೊಟ್ಟಿದ್ದ ಸೂತ್ರದಂತೆ ಅಗಲ ಎತ್ತರಗಳನ್ನು ಗುಣಿಸಿ 750ರಿಂದ ಭಾಗಿಸಿದರೆ ಇಂಥ ಒಂದು ಚಿತ್ರಕ್ಕೆ ಸುಮಾರು 1,050 ಟೋಕನ್, ಅಂದರೆ ಮಾದರಿಯ ಬಾಡಿಗೆ ಎಣಿಸುವ ತುಣುಕುಗಳು. ಏಜೆಂಟ್ ರೂಪದಲ್ಲಿ ಓಡಿಸುವಾಗ ಹಿಂದಿನ ಚಿತ್ರಗಳೆಲ್ಲ ಪ್ರತಿ ಹೆಜ್ಜೆಗೂ ಜೊತೆಗೆ ಹೋಗುತ್ತವೆ, ಮೂವತ್ತನೇ ಹೆಜ್ಜೆಗೆ ಮೂವತ್ತು ಚಿತ್ರದ ಬಾಡಿಗೆ. ಈಗ ಚೀಟಿಗೊಂದು ಚಿತ್ರ, ಅದೂ ಚೀಟಿಯ ಭಾಗ ಮಾತ್ರ ಕತ್ತರಿಸಿದ್ದು. ನೂರಿಪ್ಪತ್ತು ಚೀಟಿ ಹದಿನೈದು ನಿಮಿಷದೊಳಗೆ ಮುಗಿಯುತ್ತವೆ, ನಾಲ್ಕೈದು ಹಳದಿ ಉಳಿಯುತ್ತವೆ, ಹೆಸರು ತುಂಬಲು ಕಾಕಾ ಅವರಿಗೆ ಇನ್ನರ್ಧ ಗಂಟೆ.

ಬಾಕಿ ಇರುವುದು ಎರಡು. ಸೋಪಿನ ಡಬ್ಬಿಯ ತೂತಿನಿಂದ ಹೊಟ್ಟಿನ ದೂಳು ಒಳಗೆ ಹೋಗಿ ಸೀರಿಯಲ್ ಹಲಗೆಯ ಕಾಲುಗಳ ಮೇಲೆ ಕೂತಿದೆ, ಬಿಸಿ ಅಂಟಿನಿಂದ ಮುಚ್ಚಬೇಕು. ಇನ್ನೊಂದು, ತಿಂಗಳು ಬದಲಾಗುವಾಗಿನದು: ಒಂದನೇ ತಾರೀಖಿಗೆ ಆ ತಂತ್ರಾಂಶ ಹೊಸ ಕಡತ ತೆರೆದು ಚೀಟಿ ಸಂಖ್ಯೆಯನ್ನು ಮತ್ತೆ 1ರಿಂದ ಶುರು ಮಾಡುತ್ತದೆ, ಆಗ ಒಂದು ಪ್ರಶ್ನೆಯ ಚೌಕವನ್ನೂ ಮೂಡಿಸುತ್ತದೆ, ಅದು ಸರಿಯಾಗಿ ನನ್ನ ಬೇಲಿಯ ನಡುವೆ. ಅಂದು ಬೆಳಿಗ್ಗೆ ಸ್ವಿಚ್ ತೆಗೆದು, ಆ ಚೌಕಕ್ಕೆ ತಾವೇ ಉತ್ತರ ಕೊಟ್ಟು, ಸಂಜೆ ಮತ್ತೆ ಹಾಕುವುದೆಂದು ಕಾಕಾ ಕ್ಯಾಲೆಂಡರಿನಲ್ಲಿ ಬರೆದುಕೊಂಡಿದ್ದಾರೆ. ಷರಾ ಕಾಲಮಿನಲ್ಲಿ ಅಲ್ಲ.